ಕಿರಿತಂಗಿಯ ಗೂಡುಗಳು

ಮನೆಯಿಂದ,
ಮಾರ್ಚ್ ೧೪, ಮಂಗಳವಾರ

ಗುಬ್ಬಿಯ ಅಪ್ಪನಿಗೆ,

ನೀನು ಚೆನ್ನಾಗಿದ್ದೀಯ ಎಂದುಕೊಂಡಿದ್ದೇನೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಮಣಿಕಟ್ಟಿನ ಕೆರೆತ ಹೇಗಿದೆ? "ಯಾವುದೋ ಹುಲ್ಲು ತಾಗಿರಬೇಕು ಬಿಡು" ಎಂದಿದ್ದೆ ನೀನು. ಈ ಸಲ ನಾನು ಉಪಚಾರಕ್ಕೆ ಕೇಳುತ್ತಿಲ್ಲ. ಅದು ಹುಲ್ಲಲ್ಲ ಕಣೋ. ಫೋನಿನಲ್ಲೇ ಹೇಳೋಣವೆಂದರೆ, ನೀನು ಗುಡ್ಡದ ನೆತ್ತಿ ಹತ್ತಿ ಸಿಗ್ನಲ್ ಹಿಡಿದಾಗ ನಿನ್ನ ಪತಂಗಗಳ ಸಮಾಚಾರವೇ ಮುಗಿಯುವುದಿಲ್ಲ, ನನ್ನ ಮಾತಿಗೆಲ್ಲಿ ಜಾಗ? ಕಾಗದವಾದರೆ ನೀನು ನಡುವೆ ಬಾಯಿ ಹಾಕಲಾರೆ. ಗುಬ್ಬಿ ಈಗ ಪರವಾಗಿಲ್ಲ. ಇದನ್ನು ಮೊದಲು ಓದಿಕೋ, ಆಮೇಲೆ ಮಿಕ್ಕದ್ದು.

ಹೋದ ತಿಂಗಳು ನೀನು ಜೀಪಿನವನ ಕೈಯಲ್ಲಿ ಮೂರು ಪೆಟ್ಟಿಗೆ ಪತಂಗದ ಗೂಡು ಕಳಿಸಿದೆ. "ಮನೇಲೇ ಇರ್ತೀಯಲ್ಲ, ಸ್ವಲ್ಪ ನೋಡ್ಕೋ. ಈ ವರ್ಷ ಸಿಕ್ಕಿದ ಕಿರಿತಂಗಿಯೆಲ್ಲಾ ಇದರಲ್ಲೇ ಇದೆ, ಜೋಪಾನ." ಹೌದು, ಮನೆಯಲ್ಲೇ ಇರುತ್ತೇನೆ. ನಿನ್ನ ಜೊತೆ ಒಂದೇ ಸೂಕ್ಷ್ಮದರ್ಶಕಕ್ಕೆ ಜಗಳವಾಡಿ ಓದಿದವಳು, ಆ ಮೂರು ಬಗೆಯ ಪತಂಗಗಳಿಗೆ ದೊಡ್ಡಕ್ಕ, ನಡುವಿನವಳು, ಕಿರಿತಂಗಿ ಎಂದು ಹೆಸರಿಟ್ಟವಳು, ಈಗ ಮನೆಯಲ್ಲೇ ಇರುತ್ತೇನೆ. ಮೂರಕ್ಕೂ ಒಂದೇ ಬೂದಿ ಬಣ್ಣ, ಒಂದೇ ಮುಖ. ಕಿರಿತಂಗಿ ಉಗುರಿನಷ್ಟು ಪುಟ್ಟದು, ನಿನ್ನ ಆ ಒಂದು ಗುಡ್ಡ ಬಿಟ್ಟರೆ ಬೇರೆಲ್ಲೂ ಇಲ್ಲ. ನಿಮ್ಮ ಸಾಹೇಬರು ಮಾತ್ರ, "ಅದು ಬೇರೆ ಜಾತಿ ಅಲ್ಲ ಕಣಯ್ಯಾ, ಹೊಟ್ಟೆಗಿಲ್ಲದೆ ಸೊರಗಿದ ನಡುವಿನವಳು" ಎಂದು ನಗುತ್ತಾರೆ. ಅವರ ಬಾಯಿ ಮುಚ್ಚಿಸುವಂಥ ಒಂದೇ ಒಂದು ವ್ಯತ್ಯಾಸ ಸಿಕ್ಕಲಿ ಎಂದು ನೀನು ಅಲ್ಲಿ ಕೂತಿದ್ದೀಯ. ಇಲ್ಲಿ ನಿನ್ನ ಮಗಳು ಗೋಡೆಗೆ ಒರಗದೆ ಕೂರಲು ಕಲಿತಳು.

ಗೂಡಿಗೆ ಬೂಸ್ಟು ಹಿಡಿಯಬಾರದು, ಕಿಟಕಿ ಮುಚ್ಚಿ ಫ್ಯಾನ್ ಹಾಕಿಟ್ಟಿರು ಎಂದೆ ನೀನು. ಹಾಕಿಟ್ಟೆ. ದಿನವಿಡೀ ಗಾಳಿಯಾಡುವ ಕೋಣೆ ಕಂಡರೆ ನಿಮ್ಮಮ್ಮ ಬಿಡುತ್ತಾರೆಯೇ? ಮಗುವಿನ ಬಟ್ಟೆ, ಹೊದಿಕೆ ಎಲ್ಲವನ್ನೂ ಅಲ್ಲೇ ಹಗ್ಗ ಕಟ್ಟಿ ಒಣಗಿಸಿದರು. "ಹುಳಕ್ಕೆ ಬೀಸೋ ಗಾಳಿ ನಮ್ಮ ಕೂಸಿಗೂ ಸ್ವಲ್ಪ ಬೀಸಲಿ" ಎಂದು ನಕ್ಕರು, ನಾನೂ ನಕ್ಕೆ. ಹಾಗೆ ಒಣಗಿದ ಮೆತ್ತನೆಯ ಬಟ್ಟೆಯನ್ನು ನಾನೇ ಮಡಿಸಿ, ನಾನೇ ಅವಳ ಕುತ್ತಿಗೆಗೆ ಸುತ್ತಿದೆ.

ಮೊದಲು ಕಿವಿಯ ಹಿಂದೆ ಕೆಂಪಗಾಯಿತು, ಆಮೇಲೆ ಕುತ್ತಿಗೆಯ ಮಡಿಕೆಗಳಲ್ಲಿ ದದ್ದು. ಡಾಕ್ಟರಮ್ಮ ಸೋಪು ಬದಲಾಯಿಸಿ ಎಂದರು. ಬದಲಾಯಿಸಿದೆ. ಎರಡನೇ ಸಲ ಹೋದಾಗ, "ಚೊಚ್ಚಲ ತಾಯಂದಿರಿಗೆ ಎಲ್ಲದಕ್ಕೂ ಗಾಬರಿ" ಎಂದು ನನ್ನ ಬೆನ್ನು ತಟ್ಟಿದರು. ನೀನು ಇನ್ನೂ ಚೆಂದ: "ನಿದ್ದೆಗೆಟ್ಟ ಕಣ್ಣಿಗೆ ಎಲ್ಲವೂ ಕಾಯಿಲೆ ಕಣೇ." ಪೆಟ್ಟಿಗೆಯದ್ದೇ ಇರಬಹುದೇ ಎಂದು ನಾನು ಕೇಳಿದ್ದಕ್ಕೆ, ಆ ಕುಲದ ಯಾವ ಹುಳಕ್ಕೂ ಚುಚ್ಚುವ ಕೂದಲಿಲ್ಲ, ಪುಸ್ತಕದಲ್ಲಿದೆ ಎಂದೆ. ಪುಸ್ತಕ ನಾನೂ ಓದಿದ್ದೆನಲ್ಲ, ನಂಬಿದೆ. ಶನಿವಾರ ಮಧ್ಯಾಹ್ನ ಮಲಗಿದ್ದವಳ ಉಸಿರು ಸಿಳ್ಳೆ ಹಾಕತೊಡಗಿತು, ತುಟಿ ನೀಲಿ ತಿರುಗಿತು. ನಿಮ್ಮಮ್ಮ ಚಪ್ಪಲಿಯಿಲ್ಲದೆ ಬೀದಿಗೆ ಓಡಿ ಆಟೋ ತಂದರು. ಆಸ್ಪತ್ರೆಯಲ್ಲಿ ಅವಳ ಮುಖಕ್ಕಿಂತ ದೊಡ್ಡ ಮಾಸ್ಕು ಇಟ್ಟು ಔಷಧಿಯ ಹೊಗೆ ಕೊಟ್ಟರು. ಅವಳು ನನ್ನ ಹೆಬ್ಬೆರಳು ಹಿಡಿದವಳು ಬಿಡಲಿಲ್ಲ. ಇನ್ನೊಮ್ಮೆ ಹೀಗಾದರೆ ಇಷ್ಟಕ್ಕೇ ನಿಲ್ಲುತ್ತದೆಂದು ಹೇಳಲಾರೆವು, ಏನು ತಾಗುತ್ತಿದೆ ಹುಡುಕಿ ಎಂದು ಹೇಳಿ ಭಾನುವಾರ ಸಂಜೆ ಕಳಿಸಿಕೊಟ್ಟರು.

ಹುಡುಕಿದೆ. ಮಗುವನ್ನು ಅತ್ತೆಯ ಕೈಗೆ ಕೊಟ್ಟು ಪಕ್ಕದ ಮನೆಗೆ ಕಳಿಸಿ, ನನ್ನ ಮುಂಗೈ ಮೇಲೆ ಪೆನ್ನಿನಿಂದ ಮೂರು ವೃತ್ತ ಬರೆದೆ. ಒಂದೊಂದಕ್ಕೂ ಒಬ್ಬೊಬ್ಬಳ ಗೂಡು ಉಜ್ಜಿದೆ. ದೊಡ್ಡಕ್ಕ, ಏನೂ ಇಲ್ಲ. ನಡುವಿನವಳು, ಏನೂ ಇಲ್ಲ. ಕಿರಿತಂಗಿಯದು ನೋಡನೋಡುತ್ತಿದ್ದಂತೆ ಬೆಂಕಿ ತಾಗಿದ ಹಾಗೆ ಎದ್ದಿತು, ಥೇಟ್ ಗುಬ್ಬಿಯ ಕುತ್ತಿಗೆಯದೇ ದದ್ದು. ಕಿರಿತಂಗಿಯ ಕಂಬಳಿಹುಳ ತನ್ನ ಮೈಕೂದಲನ್ನೂ ಸೇರಿಸಿ ಗೂಡು ನೇಯುತ್ತದೆ. ಕಣ್ಣಿಗೆ ಕಾಣದ ಆ ಕೂದಲನ್ನು ಫ್ಯಾನು ಇಡೀ ಕೋಣೆಗೆ ಹಂಚಿದೆ. ತಗೋ, ಇಷ್ಟು ವರ್ಷ ಹುಡುಕಿದ ವ್ಯತ್ಯಾಸ. ಹುಳ ಕೊಯ್ಯಬೇಕಿಲ್ಲ, ಸೂಕ್ಷ್ಮದರ್ಶಕ ಬೇಕಿಲ್ಲ. ನಿಮ್ಮ ಸಾಹೇಬರು ಅಂಗಿಯ ತೋಳು ಮಡಿಸಿ ಕೈ ಚಾಚಿದರೆ ಸಾಕು.

ಮೂರೂ ಪೆಟ್ಟಿಗೆಗಳನ್ನು ಕುದಿಯುವ ನೀರಿಗೆ ಸುರಿದೆ. ತಪ್ಪು ಮಾಡದ ಅಕ್ಕಂದಿರನ್ನೂ. ನನಗೆ ಆಗ ನ್ಯಾಯ ನೋಡುವ ಸಹನೆ ಇರಲಿಲ್ಲ. ಕೋಣೆ ತೊಳೆದಿದ್ದೇವೆ, ಬಟ್ಟೆಯೆಲ್ಲ ಎಸೆದಿದ್ದೇವೆ. ನಿಮ್ಮಮ್ಮನಿಗೆ ಹಗ್ಗ ಕಟ್ಟಿದವಳು ತಾನೆಂಬ ಕೊರಗು. ನಾನು ಎಷ್ಟು ಹೇಳಿದರೂ ಕೇಳುವುದಿಲ್ಲ. ನೀನು ಒಂದು ಮಾತು ಹೇಳು. ಈ ಸಲ ಅವರು ಆಶೀರ್ವಾದ ತಿಳಿಸಿಲ್ಲ, ಬೈಗುಳ ತಿಳಿಸಿದ್ದಾರೆ. ಅದರೊಳಗೇ ಆಶೀರ್ವಾದವೂ ಇದ್ದೀತು, ಹುಡುಕಿಕೋ. ನಿನ್ನ ಕೈಗೆ ಮುಲಾಮು ಕಟ್ಟಿಟ್ಟಿದ್ದೇನೆ, ಹಚ್ಚಿಕೋ.

ಇಂತಿ,
ಗುಬ್ಬಿಯ ಅಮ್ಮ

ಅಂಟಿಸುವ ಮೊದಲು, ಅವಸರದಲ್ಲಿ: ಈಗ ತಾನೇ ನಿನ್ನ ಫೋನು ಇಟ್ಟೆ. ಆಸ್ಪತ್ರೆ, ಮಾಸ್ಕು, ನನ್ನ ಕೈ, ಎಲ್ಲಾ ಹೇಳಿದೆ. ನೀನು ಉಸಿರು ಬಿಗಿಹಿಡಿದದ್ದು ಕೇಳಿಸಿತು. ಮರುಕ್ಷಣವೇ, "ನಡುವಿನವಳದ್ದು ಏಳಲಿಲ್ಲ ತಾನೇ? ಖಂಡಿತಾನಾ?" ಎಂದೆ. ಇನ್ನೊಂದು ಪ್ರಶ್ನೆ ಬರಲಿ ಎಂದು ಕಾದೆ. ಬಂತು: "ಎಷ್ಟು ಗೂಡು ಉಳಿಸಿದ್ದೀಯಾ?" ಒಂದೂ ಇಲ್ಲ ಎಂದೆ. ಆಗ ಅದು ಸುಳ್ಳು. ನಿನ್ನ ಇಷ್ಟು ವರ್ಷದ ದುಡಿಮೆಯಲ್ಲವೇ ಎಂದು, ಕಿರಿತಂಗಿಯ ಎರಡು ಗೂಡನ್ನು ಸೀಸೆಯಲ್ಲಿ ಮುಚ್ಚಳ ಬಿಗಿದು ತಾರಸಿಯ ಮೇಲೆ ಎತ್ತಿಟ್ಟಿದ್ದೆ. ಫೋನಿಟ್ಟ ಮೇಲೆ ಒಲೆ ಹಚ್ಚಿದೆ. ಈಗ ಸುಳ್ಳಲ್ಲ.