ದುಪ್ಪಟಿಗೆ ಅಂಟಿದ ದೇವರು

ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಎರಡನೇ ಸೋಮವಾರ, ೧೯೨೧

ಪೂಜ್ಯ ಪೆಲೆಗ್ರಿ ಗುರುಗಳಿಗೆ, ನಮ್ಮೂರ ಚರ್ಚಿನ ಬೀಗದ ಕೈ ಕಾಯುವ ರೆಮೇಯ್ ಮಾಡುವ ನಮಸ್ಕಾರಗಳು.

ಬಾರ್ಸಿಲೋನಾದ ಮನೆ ನಿಮಗೆ ಒಗ್ಗಿರಬೇಕು. ಇಲ್ಲಿ ಬೆಟ್ಟದ ಮೇಲೆ ಇನ್ನೂ ಹಿಮ ಕರಗಿಲ್ಲ.

ಬಲಿಪೀಠದ ಹಿಂದಿನ ಅರ್ಧ ದುಂಡಗಿನ ಗೋಡೆಯ ಮೇಲೆ ಬರೆದಿದ್ದ ದೊಡ್ಡ ಕಣ್ಣಿನ ಕ್ರಿಸ್ತನ ಚಿತ್ರ ತೊಳೆಯಲು ಇಟಲಿಯವರು ಬರುತ್ತಾರೆ, ಸಹಾಯ ಮಾಡು ಅಂದಿರಿ. ನನ್ನ ಸಾರಿನ ಪಾತ್ರೆಯಲ್ಲೇ ಮೂರು ದಿನ ಅಂಟು ಕುದಿಸಿದೆ. ಅದರ ವಾಸನೆ ಇನ್ನೂ ಹೋಗಿಲ್ಲ. ಬಟ್ಟೆ ಸಾಲದೆಂದಾಗ ನನ್ನ ಮದುವೆಯ ದುಪ್ಪಟಿಗಳನ್ನೂ ಕೊಟ್ಟೆ. ಅವರು ಅವನ್ನು ಚಿತ್ರಕ್ಕೆ ಅಂಟಿಸಿ, ಒಣಗಿದ ಮೇಲೆ ಮೊಲದ ಚರ್ಮ ಸುಲಿದ ಹಾಗೆ ಎಳೆದರು. ಎಂಟುನೂರು ವರ್ಷ ನಿಂತಿದ್ದ ದೇವರು ಬಟ್ಟೆಗೆ ಅಂಟಿಕೊಂಡು ಬಂದ. ಸುರುಳಿ ಸುತ್ತಿ ಹೇಸರಗತ್ತೆಯ ಮೇಲೆ ಹೇರಿದರು. ಮಾರನೇ ವಾರ ನೀವೂ ಹೋದಿರಿ. ನೀವು ಅದನ್ನು ಮಾರಿದ್ದು ಹೇಸರಗತ್ತೆಯವನು ಹೇಳಿದ ಮೇಲೇ ನನಗೆ ಗೊತ್ತಾಯಿತು.

"ಅಂಟು ಕುದಿಸಿದವಳು ನೀನೇ ಅಲ್ವೇನೇ?" ಅಂತ ನೀರು ತರಲು ಹೋದಲ್ಲಿ ಹೆಂಗಸರು ಕೇಳುತ್ತಾರೆ. ಸುಳ್ಳೇನಲ್ಲ.

ಚಿತ್ರದಿಂದ ಬಿಡಿಸಿದ ಮೇಲೆ ದುಪ್ಪಟಿಗಳನ್ನು ಕಳಿಸಿಕೊಡಿ. ಒಗೆಸುವುದು ಬೇಡ.

ನಿನ್ನೆ ಕಣ್ಣು ಕಾಣದ ಎಂಗ್ರಾಸಿಯಾ ಅಜ್ಜಿ ಎಂದಿನಂತೆ ಬಂದು ಆ ಬೋಳು ಗೋಡೆಯ ಮುಂದೆ ಮೇಣದ ಬತ್ತಿ ಹಚ್ಚಿದಳು. "ತೊಳೆದ್ರಂತಲ್ಲ ರೆಮೇಯ್, ದೇವ್ರ ಕಣ್ಣು ಈಗ ಹೊಳೀತಾವಾ?" ಅಂದಳು.

"ಹೊಳೀತಾವೆ ಅಜ್ಜಿ, ನಿನ್ನನ್ನೇ ನೋಡ್ತಿದಾನೆ" ಅಂದೆ.

ಈ ಸುಳ್ಳನ್ನು ಪಾಪನಿವೇದನೆಯಲ್ಲಿ ಹೇಳಬೇಕು. ಮೂವತ್ತು ವರ್ಷ ಎಲ್ಲವನ್ನೂ ನಿಮ್ಮ ಹತ್ತಿರವೇ ಹೇಳಿಕೊಂಡೆ. ಇನ್ನು ಯಾರ ಹತ್ತಿರ ಹೇಳಲಿ, ಅದನ್ನಾದರೂ ಬರೆದು ತಿಳಿಸಿ.

ಇಂತಿ,
ರೆಮೇಯ್