ನಾಲ್ಕು ಗುರುತಿನ ಬ್ರೆಡ್

ಪುಲಿಕೇಶಿನಗರ,
೨೭ ಡಿಸೆಂಬರ್ ೨೦೨೫

ಪ್ರೀತಿಯ ಇನ್ನಾಸಣ್ಣನಿಗೆ ತಂಗಿ ಜಯಮೇರಿಯ ನಮಸ್ಕಾರ.

ಹೇಗಿದ್ದೀಯ? ಆರೋಗ್ಯ ಚೆನ್ನಾಗಿದೆಯೇ? ನಾಲ್ಕು ವರ್ಷದಿಂದ ಮನಸ್ಸಿನಲ್ಲೇ ನಿನಗೆ ಬರೆದ ಕಾಗದಗಳಲ್ಲೆಲ್ಲ ಮಸ್ಕತ್ತಿನ ಬಿಸಿಲು ಹೇಗಿದೆ ಎಂದು ಕೇಳುತ್ತಿದ್ದೆ. ಇವತ್ತು ಹಲಸೂರಿನ ಚಳಿ ಹೇಗಿದೆ ಎಂದು ಕೇಳಬೇಕಾಗಿದೆ. ಅಕ್ಷರ ಸೊಟ್ಟಗಾದರೆ ಬೈಯಬೇಡ, ಬೈಯುವ ಸರದಿ ಈ ಸಲ ನನ್ನದು. ಬೇಕರಿಯ ಅಜ್ಮತ್ ಭಾಯಿ ನಿನ್ನ ನಂಬರು ಕೊಡುತ್ತೇನೆಂದರು, ನಾನೇ ಬೇಡವೆಂದೆ. ಫೋನಾದರೆ ನೀನು ಕಟ್ ಮಾಡಿಬಿಡುತ್ತೀಯ. ನೇರವಾಗಿ ನಿನ್ನ ರೂಮಿಗೇ ಬಂದುಬಿಡೋಣವೆಂದರೆ, ನಿನ್ನನ್ನು ಕಂಡ ತಕ್ಷಣ ಅಳುತ್ತೇನೋ ಹೊಡೆಯುತ್ತೇನೋ ನನಗೇ ಗೊತ್ತಿಲ್ಲ. ಅದಕ್ಕೇ ಈ ಕಾಗದವನ್ನು ಅವರ ಕೈಯಲ್ಲಿ ಕೊಡುತ್ತಿದ್ದೇನೆ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಅಮ್ಮ ಹೋದ ಮೇಲೂ ನಾನು ಕ್ರಿಸ್ಮಸ್ ಬ್ರೆಡ್ ಬಿಟ್ಟಿಲ್ಲ. ಮನೆಯ ಓವನ್ನಿನಲ್ಲಿ ಮಾಡಿದ್ದು ಅಪ್ಪನಿಗೆ ಆಗದು, ಸೌದೆ ಒಲೆಯಲ್ಲೇ ಬೇಯಬೇಕು. ಹಾಗಾಗಿ ಹಿಂದಿನ ದಿನ ಸಂಜೆ ಹಿಟ್ಟು ನಾದಿ, ಉಬ್ಬಿದ ಮೇಲೆ ಟ್ರೇನಲ್ಲಿಟ್ಟು, ಅಮ್ಮನ ಹಾಗೆಯೇ ಸೋಡಾ ಬಾಟಲಿಯ ಮುಚ್ಚಳದಿಂದ ನಾಲ್ಕು ಗುರುತು ಒತ್ತಿ ಬೇಕರಿಗೆ ಕೊಟ್ಟು ಬರುತ್ತೇನೆ. ಹತ್ತಾರು ಮನೆಗಳ ಟ್ರೇ ಬರುತ್ತವೆ, ಗುರುತಿಲ್ಲದಿದ್ದರೆ ಯಾರದು ಯಾರಿಗೋ. ಮನೆಯಲ್ಲಿ ನಾಲ್ಕು ಜನ, ಅದಕ್ಕೇ ನಾಲ್ಕು ಎಂದು ಅಮ್ಮ ಹೇಳುತ್ತಿದ್ದಳಲ್ಲ. ಈಗ ಅಪ್ಪ, ನಾನು ಇಬ್ಬರೇ. ಆದರೂ ಎರಡಕ್ಕೆ ಇಳಿಸಲು ನನಗೆ ಮನಸ್ಸು ಬರಲಿಲ್ಲ.

ಹಬ್ಬದ ದಿನ ಚರ್ಚಿನ ಪೂಜೆ ಮುಗಿಸಿಕೊಂಡು ಬೇಕರಿಗೆ ಹೋದೆ. ಅಜ್ಮತ್ ಭಾಯಿ ಗುರುತು ನೋಡಿ ಟ್ರೇ ಕೊಟ್ಟರು, ಬಟ್ಟೆ ಮುಚ್ಚಿಕೊಂಡು ತಂದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಒಂದು ತುಂಡು ಮುರಿದು ಸಾರಿನಲ್ಲಿ ಅದ್ದದೆ ಹಾಗೇ ಬಾಯಿಗೆ ಹಾಕಿಕೊಂಡರು. ಅಗಿಯುವುದನ್ನು ನಿಲ್ಲಿಸಿಬಿಟ್ಟರು. ಗಂಟಲಿಗೆ ಸಿಕ್ಕಿತೇನೋ ಎಂದು ನಾನು ನೀರು ಹಿಡಿದುಕೊಂಡು ನಿಂತೆ. "ಯಾರ್ ಮಾಡಿದ್ದು ಇದು?" ಅಂದರು. ನಾನೇ ಅಂದೆ. "ನಿನ್ ಕೈದಲ್ಲ. ನಿನಗೆ ಸೋಂಪು ಹುರಿದು ಹಾಕೋದು ಇವತ್ತಿಗೂ ಬರಲ್ಲ" ಅಂದರು. ನಾನೂ ಒಂದು ಚೂರು ತಿಂದೆ. ಅಣ್ಣಾ, ಅಮ್ಮ ಅಡುಗೆಮನೆಯಿಂದ ಎದ್ದು ಬಂದ ಹಾಗಾಯಿತು. ಹೆದರಿಕೆಯಾಯಿತು ಎಂದರೆ ನಂಬು. ಬಟ್ಟೆ ಸರಿಸಿ ಟ್ರೇ ನೋಡಿದೆ. ನಮ್ಮದರ ಮೂಲೆ ತಗ್ಗಿದೆ, ಇದರದು ನೆಟ್ಟಗಿತ್ತು. ಗುರುತು ಮಾತ್ರ ಅದೇ ನಾಲ್ಕು, ಅದೇ ಮುಚ್ಚಳದ ಹಲ್ಲು.

ಊಟ ಅರ್ಧಕ್ಕೇ ಬಿಟ್ಟು ಓಡಿದೆ. ಅಜ್ಮತ್ ಭಾಯಿ ನನ್ನ ಮುಖ ನೋಡಿ, "ನಿಮ್ಮಣ್ಣಂದೂ ನಿಮ್ಮದೂ ಅದಲು ಬದಲು ಆಗೋಯ್ತಾಮ್ಮಾ? ಪ್ರತಿ ವರ್ಷ ಅವರು ಬೆಳಿಗ್ಗೆ ಐದು ಗಂಟೆಗೇ ತಗೊಂಡ್ ಹೋಗ್ತಿದ್ರು, ಈ ಸಲ ಲೇಟಾಯ್ತು" ಅಂದರು. ಪ್ರತಿ ವರ್ಷ! ಅಲ್ಲೇ ಮೈದಾ ಮೂಟೆಯ ಮೇಲೆ ಕೂತು ಎಲ್ಲ ಕೇಳಿದೆ. ಮಸ್ಕತ್ತು ಬಿಟ್ಟು ಬಂದು ಮೂರು ವರ್ಷದಿಂದ ಹಲಸೂರಿನಲ್ಲಿ ಒಬ್ಬನೇ ರೂಮು ಮಾಡಿಕೊಂಡಿದ್ದೀಯಂತೆ, ಯಾವುದೋ ಹೋಟೆಲಿನ ಅಡುಗೆಮನೆಯಲ್ಲಿ ಕೆಲಸವಂತೆ. "ಅಣ್ಣ ತಂಗಿ ಮಾತಾಡಲ್ಲ ಅಂತ ಗೊತ್ತಾಯ್ತು, ನಾನ್ಯಾಕೆ ಮಧ್ಯ ಬರ್ಲಿ ಅಂತ ಸುಮ್ನಿದ್ದೆ" ಅಂದರು ಪಾಪ.

ಮಾತಾಡದಿರುವುದು ನಾನಾ? ನಿನ್ನ ವಿಮಾನ ತಪ್ಪಿ, ಅಮ್ಮನ ಮಣ್ಣಾದ ಮಾರನೆಯ ದಿನ ನೀನು ಬಂದಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತು "ಈಗ್ಯಾಕ್ ಬಂದೆ? ಹೋಗು" ಅಂದರು, ಒಪ್ಪುತ್ತೇನೆ. ಆ ಮಾತು ಅನ್ನಬಾರದಿತ್ತು. ಆದರೆ ನಾನು ಹೋಗು ಅಂದೆನಾ? ಮಸ್ಕತ್ತಿಗೆ ವಾಪಸ್ ಹೊರಟೆ ಎಂದು ಒಂದು ಮೆಸೇಜು ಹಾಕಿ ನಂಬರನ್ನೇ ಬಂದ್ ಮಾಡಿದೆ. ನಾನು ಇಲ್ಲಿ ದಿನಾ ಸಮುದ್ರದಾಚೆಯ ಅಣ್ಣನಿಗಾಗಿ ಪ್ರಾರ್ಥನೆ ಮಾಡುತ್ತಿದ್ದರೆ, ನೀನು ಬಸ್ಸಿನಲ್ಲಿ ಹತ್ತು ನಿಮಿಷದ ದೂರದಲ್ಲಿ ಆರಾಮಾಗಿ, ಅಮ್ಮ ನಿನಗೊಬ್ಬನಿಗೇ ಕಲಿಸಿದ ಹಾಗೆ ಸೋಂಪು ಹುರಿಯುತ್ತಿದ್ದೆ. ಎಂಥ ಕಲ್ಲು ಮನಸ್ಸೋ ನಿನ್ನದು! ಹೀಗೆ ಬೈದುಕೊಳ್ಳುತ್ತಲೇ ಮನೆಗೆ ಬಂದೆ. ಬಂದು ಆ ಬ್ರೆಡ್ ಇನ್ನೊಮ್ಮೆ ನೋಡಿದೆ. ಒಬ್ಬನೇ ಇರುವವನು ನಾಲ್ಕು ಗುರುತು ಯಾಕೆ ಒತ್ತಿದ ಎಂದು ಹೊಳೆದಾಗ ಕೋಪವೆಲ್ಲ ಎಲ್ಲಿ ಹೋಯಿತೋ, ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ.

ನಾನು ಮಾಡಿದ ಬ್ರೆಡ್ ನಿನ್ನ ರೂಮಿಗೆ ಬಂದಿರಬೇಕಲ್ಲ, ತಿಂದೆಯಾ? ಈ ಸಲ ಈಸ್ಟ್ ಸರಿಯಿರಲಿಲ್ಲ, ಇಟ್ಟಿಗೆಯ ಹಾಗಾಗಿದ್ದರೆ ನಗಬೇಡ. ನನ್ನದೆಂದು ಮೊದಲ ತುತ್ತಿಗೇ ಗೊತ್ತಾಗಿರುತ್ತದೆ ನಿನಗೆ. ಗೊತ್ತಾಗಿಯೂ ಎರಡು ದಿನ ಸುಮ್ಮನಿದ್ದೀಯಲ್ಲ, ಅದೇ ನನ್ನನ್ನು ಹೆಚ್ಚು ಸುಡುತ್ತಿದೆ.

ಅಪ್ಪನಿಗೆ, ಟ್ರೇ ಯಾರದೋ ಮನೆಯದಕ್ಕೆ ಬದಲಾಗಿತ್ತು ಎಂದಷ್ಟೇ ಹೇಳಿದ್ದೇನೆ. ಮತ್ತೇನೂ ಕೇಳಲಿಲ್ಲ. ನಿನ್ನ ಹೆಸರು ಎತ್ತಿದರೆ ಮತ್ತೆ ಬಾಗಿಲು ಹಾಕಿಬಿಡುತ್ತಾರೇನೋ ಎಂಬ ಭಯ ನನಗೆ. ಅವರ ಮಂಡಿ ನೋವು ಜಾಸ್ತಿಯಾಗಿದೆ, ಪೂಜೆಗೆ ಆಟೋದಲ್ಲೇ ಹೋಗುತ್ತಾರೆ. ಮುಂದಿನ ಕ್ರಿಸ್ಮಸ್ಸಿಗೆ ಹೇಗಿರುತ್ತಾರೋ ಹೇಳಲಾರೆ. ನೀನು ಮನೆಗೆ ಬರಬೇಕು, ನನ್ನ ಆಸೆ ಅದೊಂದೇ. ಹೇಗೆ ಕರೆಯಲಿ ಎಂಬುದೇ ತೋಚುತ್ತಿಲ್ಲ. ಹೊತ್ತಿಗೆ ಸರಿಯಾಗಿ ಊಟ ಮಾಡು, ಚಳಿಗೆ ತಲೆಗೆ ಏನಾದರೂ ಕಟ್ಟಿಕೊಂಡು ಓಡಾಡು. ದೇವರು ನಿನ್ನನ್ನು ಕಾಯಲಿ.

ನಿನ್ನ ಮೇಲೆ ಬೆಟ್ಟದಷ್ಟು ಕೋಪವಿರುವ ತಂಗಿ,
ಜಯಮೇರಿ

ಮರೆತ ಮಾತಲ್ಲ, ಈಗ ತಾನೇ ಆದದ್ದು: ಕಾಗದ ಮಡಿಸುತ್ತಿದ್ದೆ. ಅಪ್ಪ ಕುಂಟುತ್ತಾ ಅಂಗಡಿಯಿಂದ ಬಂದು ಎರಡು ಕೇಜಿ ಮೈದಾ ಮೇಜಿನ ಮೇಲಿಟ್ಟರು. ನನ್ನ ಮುಖ ನೋಡದೆ ಹೇಳಿದರು, "ಹೊಸ ವರ್ಷಕ್ಕೆ ನೀನು ನಾದ್ಬೇಡ. ಅವನೇ ಮನೆಗೆ ಬಂದು ನಾದ್ಲಿ ಅಂತ ಬರಿ." ಅಣ್ಣಾ, ದೇವರಾಣೆ, ನಾನು ನಿನ್ನ ಹೆಸರು ಎತ್ತಿರಲಿಲ್ಲ.