ಅಂಗಡಿ ಕೊಡೂದು… ಬ್ಯಾಡ

ಬ್ಯಾಡಗಿ
ರವಿವಾರ, ೯ ಫೆಬ್ರುವರಿ ೨೦೨೫

ಪ್ರೀತಿಯ ಶಶಿ ಅಣ್ಣಾ,

ಹೇಗಿದ್ದೀಯ? ಮೊದಲು ನಿನ್ನ ಆರೋಗ್ಯ ವಿಚಾರಿಸಿ ಆಮೇಲೆ ಸುದ್ದಿ ಬರೆಯಬೇಕೆಂದು ಅವ್ವ ಪಕ್ಕದಲ್ಲೇ ಕುಳಿತು ತಾಕೀತು ಮಾಡುತ್ತಿದ್ದಾಳೆ. ಹಿಮದಲ್ಲಿ ಬೆರಳು ಸೆಟೆದುಕೊಳ್ಳುತ್ತವೆ ಅಂದಿದ್ದೆಯಲ್ಲ, ಈಗ ಹೇಗಿವೆ? ಕಳಿಸಿದ ಎಣ್ಣೆ ತಲುಪಿತೇ? ಗಡಿಯ ನಿನ್ನ ಸೇನಾ ಪೋಸ್ಟಿನಲ್ಲಿ ಫೋನು ಸಿಗುವುದೇ ಅಪರೂಪ, ಸಿಕ್ಕಾಗಲೂ ಅವ್ವ ಅಳುವುದರಲ್ಲೇ ಸಮಯವೆಲ್ಲ ಮುಗಿದು ನನ್ನ ಕೈಗೆ ಬರುವಷ್ಟರಲ್ಲಿ ಲೈನು ಕಟ್ಟಾಗಿರುತ್ತದೆ. ಅದಕ್ಕೇ ಈ ಪತ್ರ. ಇಲ್ಲಿ ಎಲ್ಲರೂ ಆರಾಮ. ಆರಾಮ ಎಂದರೆ ಸುಮ್ಮನೆ ಬರೆಯುವ ಆರಾಮ ಅಲ್ಲ, ಖರೇ ಆರಾಮ. ನಿಲ್ಲು, ಎಲ್ಲಾ ಸರಿಯಾಗಿ ಮೊದಲಿನಿಂದ ಹೇಳುತ್ತೇನೆ, ಇಲ್ಲದಿದ್ದರೆ ಖುಷಿಯಲ್ಲಿ ತಲೆಬುಡ ಇಲ್ಲದ ಹಾಗೆ ಬರೆದುಬಿಡುತ್ತೇನೆ.

ದೀಪಾವಳಿ ಮುಗಿದ ಮೇಲೆ ಅಪ್ಪನಿಗೆ ಲಕ್ವಾ ಹೊಡೆದಾಗ ನೀನು ಬಂದು ಹೋದೆಯಲ್ಲ, ಆಗ ಡಾಕ್ಟರು ಹೇಳಿದ್ದು ನೆನಪಿದೆಯೇ? ತಲೆ ಪೂರಾ ಸರಿಯಿದೆ, ಎಲ್ಲಾ ತಿಳಿಯುತ್ತದೆ, ಬಲಗೈ ಮತ್ತು ನಾಲಿಗೆ ಮಾತ್ರ ಹೇಳಿದ ಮಾತು ಕೇಳುತ್ತಿಲ್ಲ ಎಂದು. ಪೇಟೆಯ ದಿನ ಚೀಲದ ಅಂಗಡಿಯ ಮುಂದೆ ನಿಂತು ಗೋಣಿಚೀಲ, ತಾಡಪತ್ರಿ, ಸುತಳಿ ಎಲ್ಲದರ ದರವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಜೊತೆಗೆ ರೈತರ ಮನೆಮಂದಿಯ ಕ್ಷೇಮವನ್ನೂ ಕೇಳುತ್ತಿದ್ದ ಹಾಲಸಿದ್ದಪ್ಪ, ಹಾಸಿಗೆಯ ಮೇಲೆ ಬರೀ ‘ಆ… ಆ…’ ಎನ್ನುವುದನ್ನು ಕೇಳಲಾರದೆ ಬಂದವರು ಬೇಗ ಎದ್ದು ಹೋಗುತ್ತಿದ್ದರು. ಬರೆದು ತೋರಿಸಲಿ ಅಂದರೆ ಅಪ್ಪನಿಗೆ ಸಹಿಯಷ್ಟೇ ಬರುತ್ತದೆ, ವ್ಯವಹಾರವೆಲ್ಲ ತಲೆಯಲ್ಲೇ. ತಲೆ ಆಡಿಸಿ ಹೌದು, ಅಲ್ಲ ಎನ್ನಬಲ್ಲರು. ಆದರೆ ಅದಕ್ಕೆ ಇನ್ನೊಬ್ಬರು ಸರಿಯಾದ ಪ್ರಶ್ನೆ ಕೇಳಬೇಕಲ್ಲ. ಇವರ ಮನಸ್ಸಿನಲ್ಲಿ ಇರುವುದನ್ನು ಯಾರೂ ಕೇಳದಿದ್ದರೆ ಅದು ಅಲ್ಲಿಯೇ ಉಳಿಯುತ್ತಿತ್ತು.

ಆಗ ನಾನು ಕಾಲೇಜಿನಲ್ಲಿ ಕಲಿಯುತ್ತಿದ್ದ ಪೈಥಾನ್ ನೆನಪಾಯಿತು. (ನಗಬೇಡ. ಹಾವಲ್ಲ, ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆ.) ಒಂದು ಹಳೇ ಕೀಬೋರ್ಡ್ ತಂದು ಬಟನ್ನುಗಳ ಮೇಲೆ ಚಿತ್ರ ಅಂಟಿಸಿದೆ. ತಂಬಿಗೆ ಇದ್ದರೆ ನೀರು, ಕಪ್ಪು ಇದ್ದರೆ ಚಹಾ, ಕುರ್ಚಿ ಇದ್ದರೆ ಕುಂದ್ರೂದು, ಶಟರ್ ಇದ್ದರೆ ಅಂಗಡಿ, ಚಾಚಿದ ಕೈ ಇದ್ದರೆ ಕೊಡೂದು. ಹಸಿರು ಬೊಟ್ಟು ಬೇಕು, ಕೆಂಪು ಬೊಟ್ಟು ಬ್ಯಾಡ. ಮನೆಯವರ ಸಣ್ಣ ಸಣ್ಣ ಫೋಟೊ: ಅವ್ವನದಕ್ಕೆ ‘ಪ್ರೇಮಾ’, ಅಪ್ಪನದಕ್ಕೆ ‘ನಾನು’, ಜೊತೆಗೆ ನಿನ್ನದೂ ನನ್ನದೂ. ಹೊರಳಿಸಿ ಮಲಗಿಸಬೇಕಾದಾಗ ಒತ್ತಲು ‘ಮಗ್ಗಲ’ ಅಂತಲೂ ಒಂದು. ಒಂದೊಂದು ಪದವನ್ನೂ ನಾನೇ ಹೇಳಿ ರೆಕಾರ್ಡ್ ಮಾಡಿದೆ. ಬಟನ್ ಒತ್ತಿದರೆ ನನ್ನ ಹಳೇ ಲ್ಯಾಪ್‌ಟಾಪು ಅದನ್ನು ಹೇಳಬೇಕು. ಪೈಥಾನಿನಲ್ಲಿ ಒಂದು ಕೆಲಸಕ್ಕೆ ಹೆಸರಿಟ್ಟು ಬರೆದಿಡುವುದಕ್ಕೆ ಫಂಕ್ಷನ್ ಅನ್ನುತ್ತಾರೆ. ಹೆಸರು ಹಿಡಿದು ಕರೆದು, ಕೈಗೆ ಬೇಕಾದ್ದನ್ನು ಕೊಟ್ಟರೆ ಆ ಕೆಲಸ ಮಾಡಿಕೊಡುತ್ತದೆ. ನನ್ನ ಫಂಕ್ಷನ್ನಿಗೆ ‘ಮಾತಾಡು’ ಎಂದು ಹೆಸರಿಟ್ಟೆ. ಅದರ ಕೈಗೆ ಎರಡು ಪದ ಕೊಡಬೇಕು, ಅದು ಎರಡನ್ನೂ ಒಂದರ ಹಿಂದೆ ಒಂದು ಹೇಳಬೇಕು. ‘ನೀರು ಬೇಕು’, ‘ಚಹಾ ಬ್ಯಾಡ’. ಹಾಸಿಗೆಯಲ್ಲಿರುವವರಿಗೆ ಎರಡು ಪದ ಸಾಕು ಎಂದುಕೊಂಡಿದ್ದೆ. ಎರಡು ಬಟನ್ ಒತ್ತಿದ ಕೂಡಲೇ ಮಾತು ಹೊರಗೆ ಬರುತ್ತಿತ್ತು. ಅಪ್ಪ ನನ್ನ ದನಿಯಲ್ಲಿ ನೀರು ಕೇಳಿದ ಮೊದಲ ದಿನ ಪಕ್ಕದ ಮನೆಯ ಗುತ್ತೆವ್ವ ನಕ್ಕು ನಕ್ಕು ಕಣ್ಣೀರು ಹಾಕಿಕೊಂಡಳು.

ಇನ್ನು ಹಾವೇರಿ ಕಾಕಾನ ವಿಷಯ. ಕಾಕಾನ ಮೇಲೆ ಸಿಟ್ಟಾಗಬೇಡ ಅಣ್ಣಾ, ಅವನದೇನೂ ತಪ್ಪಿಲ್ಲ. ಮೆಣಸಿನಕಾಯಿ ಸುಗ್ಗಿ ಶುರುವಾಗಿದೆ, ಊರಿಗೆ ಊರೇ ಕೆಂಪಗಾಗಿದೆ, ನಮ್ಮ ಅಂಗಡಿ ಮಾತ್ರ ಬಾಗಿಲು ಹಾಕಿದೆ. ಹೋದ ರವಿವಾರ ಬಂದವನು, ಜಾಕೀರ್ ಅನ್ನುವವರು ನೀರಾವರಿ ಪೈಪಿನ ಅಂಗಡಿ ಹಾಕಲು ಜಾಗ ಹುಡುಕುತ್ತಿದ್ದಾರೆ, ಒಳ್ಳೆಯ ಮನುಷ್ಯ, ಬಾಡಿಗೆಗೆ ಕೊಟ್ಟುಬಿಡೋಣ ಅಂದ. ಅವ್ವ ಬಾಗಿಲಲ್ಲಿ ನಿಂತಿದ್ದಳು. ಕಾಕಾ ಅಪ್ಪನ ಹತ್ತಿರ ಬಗ್ಗಿ, “ಅಣ್ಣಾ, ನೀನ ಹೇಳು. ಕೊಡೂಣೇನು?” ಎಂದು ಕೇಳಿದ. ಅಪ್ಪ ತಲೆ ಆಡಿಸಲಿಲ್ಲ. ತಮ್ಮ ಮಾತಿನಲ್ಲೇ ಹೇಳಬೇಕು ಅಂತ ಅನ್ನಿಸಿರಬೇಕು, ಎಡಗೈಯನ್ನು ಕೀಬೋರ್ಡಿನ ಮೇಲೆ ತಂದು ಒಂದು ಬಟನ್ ಒತ್ತಿದರು, ಇನ್ನೊಂದನ್ನು ಒತ್ತಿದರು. ಲ್ಯಾಪ್‌ಟಾಪು ಗಟ್ಟಿಯಾಗಿ, “ಅಂಗಡಿ ಕೊಡೂದು” ಎಂದಿತು. ಕಾಕಾನ ಕಣ್ಣಲ್ಲಿ ನೀರು ಬಂತು. “ಅಣ್ಣನ ಬಾಯಿಂದನ ಬಂತಲ್ಲ, ಸಾಕು” ಅಂದವನು ಅಲ್ಲಿಂದಲೇ ಜಾಕೀರ್ ಅವರಿಗೆ ಫೋನು ಹಚ್ಚಿದ, ಗುರುವಾರ ಬಂದು ಮಾತು ಮುಗಿಸಿ ಅಂತ.

ಅಷ್ಟರಲ್ಲಿ ಅಪ್ಪ ಮೂರನೆಯ ಬಟನ್ ಒತ್ತಿದ್ದರು. ಕೆಂಪು ಬೊಟ್ಟು. ಅದು ಒಂಟಿ ಪದ ಅಲ್ಲವೇ, ಜೋಡಿ ಸಿಗುವವರೆಗೂ ನನ್ನ ಫಂಕ್ಷನ್ ಅದನ್ನು ಹೇಳುವುದಿಲ್ಲ. ಅಪ್ಪ ಲ್ಯಾಪ್‌ಟಾಪಿನ ಕಡೆಗೆ ನೋಡುತ್ತಿದ್ದಾರೆ, ಅದು ಬಾಯಿ ಬಿಡುತ್ತಿಲ್ಲ. ಅದೇ ಹೊತ್ತಿಗೆ ಗುತ್ತೆವ್ವ ಚಹಾ ತಂದು ಮುಂದೆ ಹಿಡಿದಳು. ಅಪ್ಪ ಮತ್ತೊಮ್ಮೆ ಕೆಂಪು ಬೊಟ್ಟು ಒತ್ತಿದರು. ಆಗ “ಬ್ಯಾಡ ಬ್ಯಾಡ” ಎಂದು ದನಿ ಬಂತು. ಗುತ್ತೆವ್ವ, ಆತು ಬಿಡ್ರಿ, ಆಮ್ಯಾಲ ಕುಡೀರಂತ ಎಂದು ಚಹಾ ತೆಗೆದುಕೊಂಡು ಒಳಗೆ ಹೋದಳು. ಅಪ್ಪ ಕೀಬೋರ್ಡನ್ನು ಎತ್ತಿ ನೆಲಕ್ಕೆ ಒಗೆದರು.

ಬಿದ್ದ ಬಟನ್ನುಗಳನ್ನು ಆರಿಸಿ ಕೂಡಿಸುತ್ತಿರುವಾಗ, ಅಪ್ಪ ಒತ್ತಿದ್ದನ್ನು ಮನಸ್ಸಿನಲ್ಲೇ ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಅಂಗಡಿ. ಕೊಡೂದು. ಬ್ಯಾಡ. ತಪ್ಪು ನನ್ನದೇ ಅಣ್ಣಾ. ನಮ್ಮ ಮಾತಿನಲ್ಲಿ ಬೇಡ ಎನ್ನುವುದು ಕಟ್ಟಕಡೆಗೆ ಬರುತ್ತದೆ, ನನ್ನ ಯಂತ್ರ ಅದಕ್ಕೂ ಮೊದಲೇ ಮಾತು ಮುಗಿಸಿ ಎಲ್ಲರಿಗೂ ಒಪ್ಪಿಗೆ ಕೇಳಿಸಿಬಿಟ್ಟಿತ್ತು. ಅಪ್ಪನ ಕಿವಿಯ ಹತ್ತಿರ ಹೋಗಿ, “ಕೊಡೂದು ಬ್ಯಾಡ ಅಂತ ಹೇಳಾಕ ಹೊಂಟಿದ್ರೇನಪಾ?” ಎಂದೆ. ಕಣ್ಣು ಮುಚ್ಚಿ ಹೌದೆಂದು ತಲೆ ಆಡಿಸಿದರು. ಅವ್ವನಿಗೆ ಹೇಳಿದರೆ ಅವಳು ಬಂದು ಅಪ್ಪನ ಪಕ್ಕ ಕುಳಿತಳು. ಆಮೇಲೆ, “ಬ್ಯಾಡ ಅಂದ್ರ ಮುಂದೇನು ಮಾಡೂದಂತ? ಅದನ್ನೂ ಕೇಳು” ಅಂದಳು. ಅವಳ ಮಾತು ನ್ಯಾಯವಾಗಿಯೇ ಇತ್ತು. ನಾನು ತಿಳಿದದ್ದೆಲ್ಲ ಕೇಳಿದೆ. ಆಳು ಇಡುವುದೇ? ಅಲ್ಲ. ಸುಗ್ಗಿ ಮುಗಿಯುವವರೆಗೆ ಕಾಯುವುದೇ? ಅಲ್ಲ. ಕಾಕಾ ನೋಡಿಕೊಳ್ಳಲೇ? ಅಲ್ಲ. ಅವರ ತಲೆಯಲ್ಲಿ ಏನೋ ಒಂದು ಪಕ್ಕಾ ಇತ್ತು, ಅದರ ಪ್ರಶ್ನೆ ನನಗೆ ಹೊಳೆಯಲಿಲ್ಲ. ಅದು ತಿಳಿಯುವವರೆಗೆ, ಹಾವೇರಿಗೆ ಹೋಗಿದ್ದ ಕಾಕಾನಿಗೆ ಏನೂ ಹೇಳುವುದು ಬೇಡ ಎಂದಳು ಅವ್ವ.

ಮರುದಿನ ರಾಣೆಬೆನ್ನೂರಿಗೆ ಹೋಗುವ ಬಸ್ಸಿನಲ್ಲೇ ಲ್ಯಾಪ್‌ಟಾಪು ತೆಗೆದೆ. ಎರಡು ಪದದ ಜಾಗದಲ್ಲಿ ಮೂರು ಮಾಡಿದೆ. ಆಗ ‘ನೀರು ಬೇಕು’ ಎನ್ನುವುದು ಮೂರನೆಯ ಪದಕ್ಕಾಗಿ ಬಾಯಿ ತೆರೆದು ಕೂತಿತು. ಎರಡಕ್ಕೊಂದು, ಮೂರಕ್ಕೊಂದು, ನಾಲ್ಕಕ್ಕೊಂದು ಅಂತ ಬೇರೆ ಬೇರೆ ಫಂಕ್ಷನ್ ಬರೆಯಲು ಕೂತೆ, ಅಪ್ಪ ಐದು ಪದ ಹೇಳಿದರೆ? ಕಾಲೇಜು ಮುಟ್ಟಿದ ಕೂಡಲೇ ನಸ್ರೀನ್ ಮೇಡಂ ಅವರನ್ನು ಹುಡುಕಿಕೊಂಡು ಹೋದೆ. ನಮಗೆ ಪೈಥಾನ್ ಕಲಿಸುವವರು ಅವರೇ. ಎಲ್ಲಾ ಕೇಳಿಸಿಕೊಂಡು, “ಎಷ್ಟು ಪದ ಬರತಾವಂತ ನೀ ಯಾಕ ಮೊದಲ ಗೊತ್ತು ಮಾಡಾಕತ್ತೀ? ಬಂದಷ್ಟು ಬರಲಿ ಅಂತ ಬರಿ” ಅಂದರು. ನಾನು ಬರೆದಿದ್ದ ಪದಗಳ ಹೆಸರನ್ನೆಲ್ಲ ಅಳಿಸಿ ಒಂದೇ ಹೆಸರು ಬರೆಸಿದರು, ‘ಪದಗಳು’. ಅದರ ಎಡಕ್ಕೆ, ಮೊದಲ ಅಕ್ಷರಕ್ಕೆ ಅಂಟಿಕೊಂಡಂತೆ ಒಂದು ಸ್ಟಾರ್ ಚಿಹ್ನೆ ಹಾಕಿಸಿದರು. ಅಷ್ಟೇ. ಆ ಪುಟ್ಟ ನಕ್ಷತ್ರ ಇದ್ದರೆ ಫಂಕ್ಷನ್ನು ಒಂದು ಪದ ಕೊಟ್ಟರೂ ತೆಗೆದುಕೊಳ್ಳುತ್ತದೆ, ಹತ್ತು ಕೊಟ್ಟರೂ ತೆಗೆದುಕೊಳ್ಳುತ್ತದೆ. ಎಲ್ಲವನ್ನೂ ಬಂದ ಸಾಲಿನಲ್ಲೇ ಒಂದು ಗಂಟು ಕಟ್ಟಿ ಇಟ್ಟುಕೊಳ್ಳುತ್ತದೆ, ಗಂಟು ಬಿಚ್ಚಿ ಒಂದೊಂದಾಗಿ ಹೇಳಿಸುವುದು ನಮ್ಮ ಕೆಲಸ. ಇಷ್ಟು ಸಣ್ಣದು ಗೊತ್ತಿಲ್ಲದೆ ನಾನು ಅಪ್ಪನ ಬಾಯಿ ಕಟ್ಟಿದ್ದೆನಲ್ಲ ಅಂತ ಅಳು ಬಂತು, ಖುಷಿಗೆ ಕುಣಿಯಬೇಕು ಅಂತಲೂ ಅನ್ನಿಸಿತು.

ಕುಣಿಯುವಷ್ಟರಲ್ಲಿ ಮತ್ತೆ ಎಡವಿದೆ. ಅಪ್ಪ ಒತ್ತಿದ್ದನ್ನೆಲ್ಲ ಒಂದು ಪಟ್ಟಿಯಲ್ಲಿ ಕೂಡಿಸಿ, ಆ ಪಟ್ಟಿಯನ್ನೇ ಇಡಿಯಾಗಿ ಫಂಕ್ಷನ್ನಿನ ಕೈಗೆ ಕೊಟ್ಟಿದ್ದೆ. ಅದು ಇಡೀ ಪಟ್ಟಿಯನ್ನೇ ಒಂದು ಪದ ಎಂದು ತಿಳಿದು, ಇಂಥ ಪದದ ದನಿ ನನ್ನ ಹತ್ತಿರ ಇಲ್ಲ ಎಂದು ಕೆಂಪು ಸಾಲು ತೋರಿಸಿತು. ಮೇಡಂ ತರಗತಿಗೆ ಹೋಗಿಬಿಟ್ಟಿದ್ದರು. ಸಂಜೆ ವಾಪಸು ಬರುವಾಗ, ಮೋಟೆಬೆನ್ನೂರು ದಾಟಿದ ಮೇಲೆ ಹೊಳೆಯಿತು, ತೆಗೆದುಕೊಳ್ಳುವ ಕಡೆ ಹಾಕಿದ ಸ್ಟಾರನ್ನು ಕೊಡುವ ಕಡೆಗೂ ಹಾಕಿದರೆ? ಹಾಕಿದೆ. ಅಲ್ಲಿ ಅದು ಪಟ್ಟಿಯನ್ನು ಬಿಚ್ಚಿ ಒಂದೊಂದೇ ಪದ ಕೈಗಿಟ್ಟಿತು! ಕಿವಿಗೆ ಇಯರ್‌ಫೋನ್ ಇತ್ತು, ಒಂದರ ಹಿಂದೆ ಒಂದು ನನ್ನದೇ ದನಿ ಕೇಳಿ ನಾನು ಸೀಟಿನಿಂದ ಎದ್ದೇ ನಿಂತೆ. ಕಂಡಕ್ಟರು, ಬ್ಯಾಡಗಿ ಇನ್ನ ದೂರ ಐತಿ, ಕುಂದ್ರವಾ ಎಂದರು. ಏನೂ ಒತ್ತದೆ ಫಂಕ್ಷನ್ನನ್ನು ಕರೆದು ನೋಡಿದೆ, ಜಗಳ ತೆಗೆಯದೆ ಸುಮ್ಮನಿತ್ತು. ಮನೆಗೆ ಬಂದು ದೊಡ್ಡ ಬಟನ್ನಿಗೆ ಹಳದಿ ಕಾಗದ ಅಂಟಿಸಿದೆ. ಅಪ್ಪ ಅದನ್ನು ಒತ್ತಿದಾಗ ಮಾತ್ರ ಮಾತು ಹೊರಗೆ ಬರಬೇಕು, ಮಾತು ಮುಗಿಯಿತು ಎಂದು ತೀರ್ಮಾನಿಸುವವರು ಅವರೇ.

ಗುರುವಾರ ಕಾಕಾ ಜಾಕೀರ್ ಅವರನ್ನು ಕರೆದುಕೊಂಡು ಬಂದ. ಅಪ್ಪನನ್ನು ಪಡಸಾಲೆಯ ಕುರ್ಚಿಯಲ್ಲಿ ಕೂಡಿಸಿ ತೊಡೆಯ ಮೇಲೆ ಕೀಬೋರ್ಡ್ ಇಟ್ಟೆ. ಕಾಕಾ ಮಾತು ಶುರು ಮಾಡುವ ಮೊದಲೇ ಅಪ್ಪ ಎಡಗೈ ಎತ್ತಿ ತಡೆದರು. ಒತ್ತಿದರು, ಹುಡುಕಿದರು, ಮತ್ತೆ ಒತ್ತಿದರು. ಸದ್ದಿಲ್ಲ. ಕಾಕಾ ನಡುವೆ ಏನೋ ಅನ್ನಲು ಹೋದ. ಅವ್ವ ಬಾಗಿಲಲ್ಲಿ ನಿಂತವಳು, “ತಡೀರಿ, ಅವ್ರದಿನ್ನ ಮುಗಿದಿಲ್ಲ” ಎಂದಳು. ಅವಳು ಕಾಕಾನ ಮಾತು ತಡೆದದ್ದನ್ನು ನಾನು ಅಂದೇ ಮೊದಲು ನೋಡಿದ್ದು. ಅಪ್ಪ ಹಳದಿ ಬಟನ್ ಒತ್ತಿದರು.

“ಅಂಗಡಿ ಕೊಡೂದು ಬ್ಯಾಡ.”

ಕಾಕಾ ನನ್ನ ಮುಖ ನೋಡಿದ, ನಾನೇ ಏನೋ ಕಿತಾಪತಿ ಮಾಡಿದ್ದೇನೆ ಅನ್ನುವ ಹಾಗೆ. ಅಪ್ಪನ ಬೆರಳು ಮತ್ತೆ ಹೊರಟಿತು. ಈ ಸಲ ಬಹಳ ಹೊತ್ತು. ಅವ್ವನ ಫೋಟೊದ ಮೇಲೂ ಬೆರಳು ಇಟ್ಟರು. ಹೊರಗೆ ಚಕ್ಕಡಿ, ಟೆಂಪೊ ಎಲ್ಲಾ ಹೋಗುತ್ತಿದ್ದವು. ಹಳದಿ ಬಟನ್.

“ಪ್ರೇಮಾ ಅಂಗಡಿ ಕುಂದ್ರೂದು. ನಾನು ಮಗ್ಗಲ ಕುಂದ್ರೂದು.”

ನಾನು ಹಾಸಿಗೆಯಲ್ಲಿ ಹೊರಳಿಸಲೆಂದು ಕೊಟ್ಟ ‘ಮಗ್ಗಲ’ವನ್ನು ಅಪ್ಪ ಅವ್ವನ ಪಕ್ಕದಲ್ಲಿ ಕೂರಲು ಬಳಸಿಕೊಂಡಿದ್ದರು. ಇಷ್ಟು ವರ್ಷ ಅಂಗಡಿಗೆ ಬುತ್ತಿ ಕಳಿಸಿದ್ದು ಬಿಟ್ಟರೆ ಅವ್ವ ದುಡ್ಡಿನ ಗಲ್ಲೆಯ ಹಿಂದೆ ಒಂದು ದಿನವೂ ಕೂತವಳಲ್ಲ, ನಾವ್ಯಾರೂ ಅವಳ ಹೆಸರು ಎತ್ತಿರಲಿಲ್ಲ, ಅವಳೂ ಎತ್ತಿರಲಿಲ್ಲ. ಅವಳು ಹೊಸ್ತಿಲ ಮೇಲೇ ಕುಳಿತುಬಿಟ್ಟಳು. “ನನಗ ಲೆಕ್ಕ ಬರೂದಿಲ್ರಿ” ಅಂದಳು, ದನಿ ಸಣ್ಣದಾಗಿತ್ತು. ಅಪ್ಪ ಎಡಗೈಯಿಂದ ತಮ್ಮ ತಲೆಯನ್ನು ತಟ್ಟಿ ತೋರಿಸಿದರು, ಅದೆಲ್ಲ ಇಲ್ಲಿ ಇದೆ ಅಂತ. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಕೇಳಿದರೆ ಈಗಲೂ ಹೇಳುವುದಿಲ್ಲ.

ಜಾಕೀರ್ ಅವರೇ ಮೊದಲು ಎದ್ದರು. “ಹಿರೇರು ಹೇಳಿದ್ರಲ್ರಿ, ಮುಗೀತು. ನಾ ಬ್ಯಾರೆ ಕಡೆ ನೋಡ್ತೇನಿ” ಎಂದು ಅಪ್ಪನ ಕೈ ಹಿಡಿದು ನಮಸ್ಕಾರ ಮಾಡಿದರು. ಹೊರಗೆ ಹೋಗುವಾಗ ನನ್ನನ್ನು ಕರೆದು, ಹಾವೇರಿಯಲ್ಲಿ ಅವರ ಅತ್ತೆ ಜೈತೂನಬಿ ಅವರಿಗೂ ಹೀಗೇ ಆಗಿದೆ, ಈ ಯಂತ್ರಕ್ಕೆ ಉರ್ದು ಬರುತ್ತದೆಯೇ ಎಂದು ಕೇಳಿದರು. ನೀವು ಯಾವ ಮಾತು ತುಂಬಿಸಿಕೊಟ್ಟರೂ ಅದು ಹೇಳುತ್ತದೆ ಅಂದೆ. ಮುಂದಿನ ವಾರ ಹೋಗಬೇಕು. ಕಾಕಾ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡಿದ್ದ, ಆಮೇಲೆ ಕೀಲಿಕೈ ಇಸಿದುಕೊಂಡು ಹೋಗಿ ತಾನೇ ಶಟರ್ ಎತ್ತಿ ಕಸ ಹೊಡೆದ.

ಶುಕ್ರವಾರದಿಂದ ಅಂಗಡಿ ತೆರೆದಿದೆ ಅಣ್ಣಾ! ಅವ್ವ ಗಲ್ಲೆಯ ಹಿಂದೆ, ಅಪ್ಪ ಮಗ್ಗಲಿಗೆ. ಮೊದಲ ದಿನ ಅವ್ವ ಮೆಣಸಿನ ಘಾಟಿಗೆ ಸೀನಿದ್ದೇ ಸೀನಿದ್ದು. ನಿನ್ನೆ ಗಳಗನಾಥದ ಕಡೆಯ ರೈತರೊಬ್ಬರು ತಾಡಪತ್ರಿ ಕೇಳಿದರು, ಅವ್ವ ತೆಳ್ಳಗಿನದನ್ನು ತೆಗೆದಳು. ಅಪ್ಪ ಬಟನ್ ಒತ್ತುವವರೆಗೂ ಆ ಮನುಷ್ಯ ಅವಸರ ಮಾಡದೆ ಕಾಯ್ದು ನಿಂತರು. “ಅದು ಬ್ಯಾಡ, ದಪ್ಪ ಕೊಡೂದು” ಎಂದು ನನ್ನ ದನಿ ಅಪ್ಪನ ಪಕ್ಕದ ಲ್ಯಾಪ್‌ಟಾಪಿನಿಂದ ಬಂದಾಗ, “ಮಗಳ ದನಿ ಆದ್ರೇನು, ಮಾತು ಹಾಲಸಿದ್ದಪ್ಪಂದ ಐತಿ” ಅಂದು ದಪ್ಪದ್ದನ್ನೇ ಹೊತ್ತುಕೊಂಡು ಹೋದರು. ಅಪ್ಪ ದಿನಾ ಹೊಸ ಪದ ಕೇಳುತ್ತಾರೆ. ಬಟನ್ ಸಾಲುತ್ತಿಲ್ಲ, ಇನ್ನೊಂದು ಕೀಬೋರ್ಡ್ ತರಬೇಕು.

ಅವ್ವ ನಿನ್ನ ತಲೆ ಮೇಲೆ ಕೈಯಿಟ್ಟಷ್ಟು ಆಶೀರ್ವಾದ ಬರೆ ಅಂದಿದ್ದಾಳೆ, ಬರೆದಿದ್ದೇನೆ. ಕಾಕಾ ನಿನ್ನನ್ನು ನೆನೆದಿದ್ದಾನೆ. ಗುತ್ತೆವ್ವ, ಕಿವಿ ಮುಚ್ಚುವ ಟೊಪ್ಪಿಗೆ ಹಾಕಿಕೊಳ್ಳಲು ಹೇಳು ಅಂದಿದ್ದಾಳೆ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ. ಬೆರಳು ಜೋಪಾನ.

ನಿನ್ನ ತಂಗಿ,
ಪುಷ್ಪಿ

ತಾ.ಕ.: ಲಕೋಟೆ ಅಂಟಿಸುವ ಹೊತ್ತಾಯಿತು, ಮುಖ್ಯವಾದದ್ದೇ ಉಳಿಯಿತು. ಹೋದ ಸಲ ಫೋನಿನಲ್ಲಿ ನೀನು, ಸರ್ವಿಸ್ ಪೂರ್ತಿ ಆಗುವ ಮೊದಲೇ ಬಿಡುಗಡೆ ಕೇಳಿ ಬಂದು ಅಂಗಡಿ ನೋಡಿಕೊಳ್ಳುತ್ತೇನೆ ಎಂದೆಯಂತೆ. ಅವ್ವ ಅದನ್ನು ಇಂದು ಮುಂಜಾನೆ ಅಪ್ಪನಿಗೆ ಹೇಳಿದಳು. ಅಪ್ಪ ನನ್ನಿಂದ ಎರಡು ಹೊಸ ಬಟನ್ ಮಾಡಿಸಿಕೊಂಡು ಒತ್ತಿದ್ದು ಇದು: “ಶಶಿ ನೌಕರಿ ಬಿಡೂದು ಬ್ಯಾಡ.” ಅರ್ಜಿ ಕೊಟ್ಟಿದ್ದರೆ ಹಿಂದಕ್ಕೆ ತೆಗೆದುಕೊ. ಇನ್ನೇನು ಬರೆಯಲಿ ಅಂತ ಕೇಳಿದೆ. ಬಹಳ ಹೊತ್ತು ಕೀಬೋರ್ಡ್ ನೋಡಿದರು. ಕಡೆಗೆ ಒಂದೇ ಪದ ಒತ್ತಿ ಹಳದಿ ಬಟನ್ ಒತ್ತಿದರು. “ಶಶಿ” ಎಂದಿತು.